32 ಉಳಿಸಿಕೊಂಡ ಮೇಲೆ ಆಟ ಮುಗಿಯತೊಡಗಿತು

ಮೈಸೂರಿನ ಸರಸ್ವತೀಪುರಂನಲ್ಲಿ ಅಕ್ಕನ ಮನೆ ಮಹಡಿಯಲ್ಲಿ ಭಾನುವಾರ ಡಾರ್ಟ್ಸ್ ಆಡುತ್ತೇವೆ. 501 ಅಂಕದಿಂದ ಹೊಡೆದಷ್ಟನ್ನು ಕಳೆಯುತ್ತಾ ಬೇಗ ಇಳಿಯುತ್ತಿದ್ದೆ, ಆದರೆ ಮುಗಿಸಲು ಆಗುತ್ತಲೇ ಇರಲಿಲ್ಲ. ಕೊನೆಯ ಡಾರ್ಟ್ ಬೋರ್ಡಿನ ಹೊರ ಅಂಚಿನ ತೆಳು ಪಟ್ಟಿಯಾದ, ಅಂಕ ಎರಡರಷ್ಟಾಗುವ ಡಬಲ್‌ಗೇ ಬಿದ್ದು ಲೆಕ್ಕ ಸರಿಯಾಗಿ ಸೊನ್ನೆಯಾಗಬೇಕು ಅಲ್ವಾ, ನಾನು ಸುಮ್ನೆ 20ಕ್ಕೇ ಎಸೆದು ಯಾವುದೋ ಬೆಸ ಸಂಖ್ಯೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದೆ, ಇಲ್ಲವೇ ಉಳಿದದ್ದಕ್ಕಿಂತ ಜಾಸ್ತಿ ಹೊಡೆದು ಆ ಸರದಿಯೇ ಹಾಳಾಗುತ್ತಿತ್ತು.

ಭಾವ ಒಂದೇ ಮಾತು ಹೇಳಿದರು: 32 ಉಳಿಸಿಕೋ.

ಡಬಲ್ 16ಕ್ಕೆ ಗುರಿಯಿಟ್ಟು ಒಳಗೆ ತಪ್ಪಿ ಬರೀ 16 ಬಿದ್ದರೆ ಉಳಿಯುವುದು 16, ಅಂದರೆ ಡಬಲ್ 8. ಅಲ್ಲೂ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಡಬಲ್ 1. ಅರ್ಧ ಮಾಡುತ್ತಾ ಹೋದರೂ ಡಬಲ್ 1ರವರೆಗೆ ಬೆಸ ಸಂಖ್ಯೆ ಬರುವುದೇ ಇಲ್ಲ! 40ರಲ್ಲಿ ಹಾಗಲ್ಲ, 20, 10 ಆಗಿ 5ಕ್ಕೆ ನಿಂತುಬಿಡುತ್ತದೆ.

ಈಗ 52 ಇದ್ದರೆ 20, 45 ಇದ್ದರೆ 13, 37 ಇದ್ದರೆ 5 ಹೊಡೆಯುತ್ತೇನೆ. ಡಬಲ್ ಪಟ್ಟಿಯ ಹೊರಗೆ ತಪ್ಪಿದರೆ ಏನೂ ಕಳೆಯುವುದಿಲ್ಲವಲ್ಲ, ಅದಕ್ಕೆ ಗುರಿಯನ್ನೂ ಹೊರ ತಂತಿಯ ಕಡೆಗೇ ಇಡುತ್ತೇನೆ.