ವೆಂಬನ್ಯಾಮಾ ಪಕ್ಕದಲ್ಲಿ ಯಾರನ್ನು ನಿಲ್ಲಿಸಬೇಕು? ಒಂದು ಹೋಲಿಕೆಯನ್ನು ನಾನು ಮಾಡಿದ ಬಗೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವು ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮಾ ಅವರನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಾಗ, ಅವರು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ ಹಳೆಯ ದೊಡ್ಡ ಆಟಗಾರರೊಂದಿಗೆ ಹೋಲಿಕೆಗಳು ಶುರುವಾಗಿದ್ದವು. ಒಬ್ಬರು ಕರೀಂ ಅಬ್ದುಲ್ ಜಬ್ಬಾರ್ ಎಂದರೆ ಇನ್ನೊಬ್ಬರು ಹಕೀಂ ಒಲಾಜುವಾನ್ ಎನ್ನುತ್ತಿದ್ದರು. ಸ್ಪರ್ಸ್ ಅಭಿಮಾನಿಗಳ ಬಾಯಿಗಂತೂ ಟಿಮ್ ಡಂಕನ್ ಬಿಟ್ಟು ಬೇರೆ ಹೆಸರು ಬರುತ್ತಿರಲಿಲ್ಲ. ನಮ್ಮ ಊರಿನ ಟೂರ್ನಿಗಳಲ್ಲಿ ಸ್ಕೋರರ್ ಮೇಜಿನ ಹಿಂದೆ ಕುಳಿತು ಸ್ಕೋರ್ ಶೀಟ್ ಬರೆಯುವ, ಬಿಡುವಿನಲ್ಲಿ ಆಟದ ಅಂಕಿ-ಅಂಶಗಳನ್ನು ಕೆದಕುವ ಅಭ್ಯಾಸವಿರುವ ನನಗೆ, ಈ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಸ್ವತಃ ಲೆಕ್ಕ ಹಾಕಿ ನೋಡಬೇಕೆನ್ನಿಸಿತು. 2023-24ರ ಋತು ಮುಗಿದ ಮೇಲೆ ಮಾಡಿದ ಆ ಹೋಲಿಕೆಯ ವಿವರ ಇಲ್ಲಿದೆ.

ಮೊದಲು ಹಾಕಿಕೊಂಡ ನಿಯಮವೆಂದರೆ, ಚೊಚ್ಚಲ ಋತುವನ್ನು ಚೊಚ್ಚಲ ಋತುವಿನೊಂದಿಗೆ ಮಾತ್ರ ಹೋಲಿಸಬೇಕು ಎಂಬುದು. ನಾವು ಡಂಕನ್ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು 1999, 2003, 2005, 2007 ಮತ್ತು 2014ರಲ್ಲಿ ಐದು ಪ್ರಶಸ್ತಿ ಗೆದ್ದ ಡಂಕನ್. ಅವರ ಪಕ್ಕದಲ್ಲಿ ಇಪ್ಪತ್ತರ ಹುಡುಗನನ್ನು ನಿಲ್ಲಿಸಿದರೆ ಹುಡುಗನಿಗೂ ಅನ್ಯಾಯ, ಡಂಕನ್ ಅವರಿಗೂ ಅನ್ಯಾಯ. ಎರಡನೆಯ ನಿಯಮ, ಹೆಸರಿನ ತೂಕ ನೋಡಿ ಆರಿಸದೆ, ಅಂಗಳದಲ್ಲಿ ಮಾಡುವ ಕೆಲಸ ನೋಡಿ ಆರಿಸುವುದು. ಈ ಎರಡನೆಯ ನಿಯಮದಿಂದಾಗಿಯೇ ಕರೀಂ ಅವರನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೈಬಿಡಬೇಕಾಯಿತು. 1969-70ರ ತಮ್ಮ ಮೊದಲ ಋತುವಿನಲ್ಲಿ ಅವರು ಪಂದ್ಯಕ್ಕೆ 28.8 ಅಂಕ, 14.5 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸಿದ್ದರು ನಿಜ, ಆದರೆ ಎನ್‌ಬಿಎ ಬ್ಲಾಕ್‌ಗಳನ್ನು (ಎದುರಾಳಿಯ ಹೊಡೆತವನ್ನು ಗಾಳಿಯಲ್ಲೇ ತಡೆಯುವುದನ್ನು) ಎಣಿಸತೊಡಗಿದ್ದೇ 1973-74ರಲ್ಲಿ. ವೆಂಬನ್ಯಾಮಾ ಅವರ ಆಟದ ಜೀವಾಳವೇ ಬ್ಲಾಕ್ ಆಗಿರುವಾಗ, ಆ ಲೆಕ್ಕವೇ ಇಲ್ಲದ ಋತುವಿನೊಂದಿಗೆ ಹೋಲಿಸುವುದು ಹೇಗೆ? ಸ್ಕೋರ್ ಶೀಟ್ ಬರೆಯುವವರಿಗೆ ಇದು ಹೊಸ ವಿಷಯವಲ್ಲ. ನಾವು ತುಂಬುವ ಹಾಳೆಯಲ್ಲಿ ಅಂಕ, ಫೌಲ್, ಟೈಮ್‌ಔಟ್‌ಗಳಿಗೆ ಜಾಗವಿದೆಯೇ ಹೊರತು ರೀಬೌಂಡಿಗಾಗಲಿ ಬ್ಲಾಕಿಗಾಗಲಿ ಇಲ್ಲ. ಪಂದ್ಯ ಗೆಲ್ಲಿಸಿದ ಬ್ಲಾಕ್ ಕೂಡ ಮರುದಿನ ಯಾವ ಕಾಗದದಲ್ಲೂ ಸಿಗುವುದಿಲ್ಲ.

ಹೀಗೆ ಸೋಸಿದ ಮೇಲೆ ಉಳಿದವರು ಸ್ಪರ್ಸ್ ತಂಡದವರೇ ಆದ ಇಬ್ಬರು: 1989-90ರಲ್ಲಿ ಬಂದ ಡೇವಿಡ್ ರಾಬಿನ್ಸನ್ ಮತ್ತು 1997-98ರಲ್ಲಿ ಬಂದ ಡಂಕನ್. ವೆಂಬನ್ಯಾಮಾ 71 ಪಂದ್ಯಗಳಲ್ಲಿ ಸರಾಸರಿ 21.4 ಅಂಕ, 10.6 ರೀಬೌಂಡ್, 3.6 ಬ್ಲಾಕ್ ಗಳಿಸಿದ್ದರು. ರಾಬಿನ್ಸನ್ ಅವರದು 82 ಪಂದ್ಯಗಳಲ್ಲಿ 24.3, 12.0 ಮತ್ತು 3.9, ಡಂಕನ್ ಅವರದೂ 82 ಪಂದ್ಯಗಳಲ್ಲಿ 21.1, 11.9 ಮತ್ತು 2.5. ಮೇಲ್ನೋಟಕ್ಕೆ ಮೂವರೂ ಒಂದೇ ಸಾಲಿನವರು, ರಾಬಿನ್ಸನ್ ತುಸು ಮುಂದೆ. ಆದರೆ ಡಂಕನ್ ಪಂದ್ಯಕ್ಕೆ 39.1 ನಿಮಿಷ, ರಾಬಿನ್ಸನ್ 36.6 ನಿಮಿಷ ಆಡಿದ್ದರೆ, ತಂಡವು ಬೇಕೆಂದೇ ಮಿತಿಯಲ್ಲಿಟ್ಟಿದ್ದ ವೆಂಬನ್ಯಾಮಾ ಆಡಿದ್ದು 29.7 ನಿಮಿಷ ಮಾತ್ರ. ಎಲ್ಲರನ್ನೂ 36 ನಿಮಿಷಕ್ಕೆ ತಂದು ನಿಲ್ಲಿಸಿದರೆ ಅಂಕಗಳಲ್ಲಿ ವೆಂಬನ್ಯಾಮಾ 25.9, ರಾಬಿನ್ಸನ್ 23.9, ಡಂಕನ್ 19.4 ಎಂದಾಗುತ್ತದೆ, ಹುಡುಗ ಎಲ್ಲರಿಗಿಂತ ಮುಂದೆ ಬರುತ್ತಾನೆ. ಈ ಗುಣಾಕಾರದ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಮೂವತ್ತು ನಿಮಿಷ ಆಡುವವನ ಕಾಲಿನಲ್ಲಿರುವ ಕಸುವು ನಲವತ್ತು ನಿಮಿಷ ಆಡುವವನ ಕಾಲಿನಲ್ಲಿ ಇರುವುದಿಲ್ಲ, ಎದುರಾಳಿಯ ಉತ್ತಮ ಐವರ ಎದುರು ಕಳೆದ ನಿಮಿಷಗಳೂ ಬೇರೆಬೇರೆ. ಜೊತೆಗೆ ಆಟದ ವೇಗವನ್ನೂ ಗಮನಿಸಬೇಕು: 1997-98ರಲ್ಲಿ ಒಂದು ತಂಡಕ್ಕೆ ಪಂದ್ಯವೊಂದರಲ್ಲಿ ಸರಾಸರಿ 90ರಷ್ಟು ದಾಳಿಗಳು ಸಿಗುತ್ತಿದ್ದರೆ, 1989-90ರಲ್ಲೂ 2023-24ರಲ್ಲೂ ಅದು 98ರ ಆಸುಪಾಸಿನಲ್ಲಿತ್ತು. ಡಂಕನ್ ಅವರ ಅಂಕಗಳನ್ನು ಅದಕ್ಕೆ ತಕ್ಕಂತೆ ಏರಿಸಿದರೆ 21ರ ಹತ್ತಿರ ಬರುತ್ತದೆ. ರಾಬಿನ್ಸನ್ ಅವರಿಗೆ ಈ ತಿದ್ದುಪಡಿಯ ಅಗತ್ಯವೇ ಬೀಳಲಿಲ್ಲ, ಅವರು ನನಗೆ ಹೆಚ್ಚು ಅನುಕೂಲದ ಜೋಡಿಯಾಗಿ ಕಾಣತೊಡಗಿದ್ದು ಇಲ್ಲಿಂದಲೇ.

ಎಷ್ಟು ಅಂಕ ಎಂಬುದಕ್ಕಿಂತ ಎಷ್ಟು ಹೊಡೆತಕ್ಕೆ ಅಷ್ಟು ಅಂಕ ಎಂಬ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ಇದಕ್ಕೆ ಟ್ರೂ ಶೂಟಿಂಗ್ ಎಂಬ ಲೆಕ್ಕವಿದೆ: ಬುಟ್ಟಿಗೆ ಹೊಡೆದ ಹೊಡೆತಗಳಿಗೆ ಫ್ರೀ ಥ್ರೋಗಳ (ಎದುರಾಳಿ ಫೌಲ್ ಮಾಡಿದಾಗ ಸಿಗುವ ತಡೆಯಿಲ್ಲದ ಹೊಡೆತಗಳ) 0.44ರಷ್ಟನ್ನು ಸೇರಿಸಿ, ಬಂದ ಮೊತ್ತವನ್ನು ಎರಡರಿಂದ ಗುಣಿಸಿ, ಅದರಿಂದ ಒಟ್ಟು ಅಂಕಗಳನ್ನು ಭಾಗಿಸಬೇಕು. ವೆಂಬನ್ಯಾಮಾ 1,186 ಹೊಡೆತ ಮತ್ತು 367 ಫ್ರೀ ಥ್ರೋಗಳಿಂದ 1,522 ಅಂಕ ಗಳಿಸಿದ್ದರು, ಅಂದರೆ ಶೇ 56.5. ಡಂಕನ್ 1,287 ಹೊಡೆತ ಮತ್ತು 482 ಫ್ರೀ ಥ್ರೋಗಳಿಂದ 1,731 ಅಂಕ, ಅಂದರೆ ಶೇ 57.7. ಇಬ್ಬರ ನಡುವೆ ಶೇ 1ರ ಅಂತರವಷ್ಟೇ ಇದೆ ಎಂದು ಇಲ್ಲಿಗೇ ಪುಸ್ತಕ ಮುಚ್ಚಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಏಕೆಂದರೆ 1997-98ರಲ್ಲಿ ಇಡೀ ಲೀಗಿನ ಸರಾಸರಿ ಶೇ 52ಕ್ಕೆ ಸ್ವಲ್ಪ ಮೇಲಿತ್ತು. 2023-24ರಲ್ಲಿ ಅದು ಸುಮಾರು ಶೇ 58. ಡಂಕನ್ ತಮ್ಮ ಕಾಲದ ಸರಾಸರಿ ಆಟಗಾರನಿಗಿಂತ ಬಹಳ ಮೇಲಿದ್ದರು, ವೆಂಬನ್ಯಾಮಾ ತಮ್ಮ ಕಾಲದ ಸರಾಸರಿಗಿಂತ ಕೆಳಗಿದ್ದರು. 1,300 ಹೊಡೆತ, 837 ಫ್ರೀ ಥ್ರೋ, 1,993 ಅಂಕಗಳೊಂದಿಗೆ ಶೇ 59.7ರಲ್ಲಿದ್ದ ರಾಬಿನ್ಸನ್ ಅವರ ಕಾಲದ ಸರಾಸರಿ ಶೇ 54ರೊಳಗೇ ಇತ್ತು. ದಾಳಿಯ ಮಟ್ಟಿಗೆ ಈ ಹುಡುಗನನ್ನು ಇಬ್ಬರಲ್ಲಿ ಯಾರ ಸಮಕ್ಕೂ ನಿಲ್ಲಿಸಲಾಗದು ಎಂದು ನಾನು ತೀರ್ಮಾನಿಸಿದ್ದು ಈ ಲೆಕ್ಕದ ಆಧಾರದ ಮೇಲೆ. ಅಭಿಮಾನಿ ಗೆಳೆಯರೊಂದಿಗೆ ಈ ಕಾರಣಕ್ಕೆ ಸಾಕಷ್ಟು ಜಗಳವೂ ಆಯಿತು.

ಅಂತರ ಬಂದದ್ದು ಎಲ್ಲಿಂದ ಎಂದು ಬಿಡಿಸಿ ನೋಡಿದಾಗ ಸಿಕ್ಕ ಉತ್ತರ ಕುತೂಹಲಕರವಾಗಿತ್ತು. ವೆಂಬನ್ಯಾಮಾ ಅವರ 1,186 ಹೊಡೆತಗಳಲ್ಲಿ 394 ಮೂರು ಅಂಕದ ಗೆರೆಯ ಆಚೆಯಿಂದ ಬಂದವು, ಅವುಗಳಲ್ಲಿ ಬಿದ್ದದ್ದು 128, ಎಂದರೆ ಶೇ 32.5. ಡಂಕನ್ ಇಡೀ ಋತುವಿನಲ್ಲಿ ಅಂಥ ಹತ್ತು, ರಾಬಿನ್ಸನ್ ಎರಡು ಹೊಡೆತ ಪ್ರಯತ್ನಿಸಿದ್ದರು, ಒಂದೂ ಬಿದ್ದಿರಲಿಲ್ಲ. ಮೂರು ಅಂಕದ ಹೊಡೆತಗಳನ್ನು ಬದಿಗಿಟ್ಟರೆ ವೆಂಬನ್ಯಾಮಾ ಅವರ ಎರಡು ಅಂಕದ ಹೊಡೆತಗಳ ಯಶಸ್ಸು ಶೇ 53.4, ರಾಬಿನ್ಸನ್ ಅವರದು ಶೇ 53.2. ಆದರೆ ನಿಜವಾದ ವ್ಯತ್ಯಾಸವಿರುವುದು ಫ್ರೀ ಥ್ರೋ ಗೆರೆಯಲ್ಲಿ. ರಾಬಿನ್ಸನ್ ಪಂದ್ಯಕ್ಕೆ ಹತ್ತು ಸಲ ಅಲ್ಲಿಗೆ ಹೋಗುತ್ತಿದ್ದರು, ವೆಂಬನ್ಯಾಮಾ ಐದು ಸಲ. ನಿಮಿಷಗಳನ್ನು ಸಮ ಮಾಡಿದರೂ ಆರಕ್ಕಿಂತ ತುಸು ಹೆಚ್ಚು. ರಾಬಿನ್ಸನ್ ಅವರ ಹಳೆಯ ಪಂದ್ಯಗಳನ್ನು ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ಏಳಡಿ ಎತ್ತರದ ಆ ಮನುಷ್ಯ ಚೆಂಡು ಸಿಕ್ಕೊಡನೆ ಬುಟ್ಟಿಗೆ ಮುಖಮಾಡಿ, ಎಡಗೈಯಲ್ಲಿ ಒಂದೇ ಪುಟ ಹಾಕಿ, ರಕ್ಷಕನ ಭುಜಕ್ಕೆ ಭುಜ ತಾಗಿಸಿಕೊಂಡೇ ಮೇಲೇಳುತ್ತಾರೆ. ಫೌಲ್ ಮಾಡುವುದು ಬಿಟ್ಟು ಎದುರಾಳಿಗೆ ಬೇರೆ ದಾರಿಯಿಲ್ಲ. ವೆಂಬನ್ಯಾಮಾ ಅದೇ ಜಾಗದಲ್ಲಿ ಚೆಂಡು ಪಡೆದು, ಭುಜ ತಾಗುವ ಮೊದಲೇ ಹಿಂದಕ್ಕೆ ವಾಲಿ, ರಕ್ಷಕನ ಕೈ ಮುಟ್ಟದ ಎತ್ತರದಿಂದ ಹೊಡೆಯುತ್ತಿದ್ದರು. ನೋಡಲು ಸೊಗಸು, ಆದರೆ ಫೌಲ್ ತರದ ಸೊಗಸು.

ಇಲ್ಲಿ ನಿಯಮಗಳ ಮಾತನ್ನೂ ಹೇಳಬೇಕು. 2001-02ಕ್ಕಿಂತ ಮೊದಲು ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್, ಅಂದರೆ ಆಟಗಾರನ ಬದಲು ಅಂಗಳದ ಒಂದು ಜಾಗವನ್ನು ಕಾಯುವ ರಕ್ಷಣೆ, ನಿಷಿದ್ಧವಾಗಿತ್ತು. ಎತ್ತರದ ಆಟಗಾರನಿಗೆ ಬುಟ್ಟಿಯ ಹತ್ತಿರ ಚೆಂಡು ಕೊಟ್ಟು ಉಳಿದವರು ದೂರ ಸರಿದರೆ, ಎದುರಾಳಿಗಳು ಅರ್ಧ ದೂರದಲ್ಲಿ ನಿಂತು ಕಾಯುವಂತಿರಲಿಲ್ಲ. ವೆಂಬನ್ಯಾಮಾ ಅವರಿಗೆ ಆ ಅನುಕೂಲವಿಲ್ಲ. ಸಾಲದ್ದಕ್ಕೆ ಋತುವಿನ ಆರಂಭದಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಅವರು ಫಾರ್ವರ್ಡ್ ಆಗಿದ್ದ ಜೆರೆಮಿ ಸೋಹನ್ ಅವರಿಗೆ ಚೆಂಡು ಹಂಚಿ ದಾಳಿ ನಡೆಸುವ ಪಾಯಿಂಟ್ ಗಾರ್ಡ್ ಕೆಲಸ ಕೊಟ್ಟು, ಝ್ಯಾಕ್ ಕಾಲಿನ್ಸ್ ಅವರನ್ನು ಬುಟ್ಟಿಯ ಹತ್ತಿರ ಆಡುವ ಸೆಂಟರ್ ಸ್ಥಾನದಲ್ಲಿ ಇಟ್ಟಿದ್ದರು. ವೆಂಬನ್ಯಾಮಾ ಸೆಂಟರ್ ಆದದ್ದು ಡಿಸೆಂಬರಿನಲ್ಲಿ, ಟ್ರೇ ಜೋನ್ಸ್ ಅವರಂಥ ನಿಜವಾದ ಪಾಯಿಂಟ್ ಗಾರ್ಡ್ ಆರಂಭದ ಐವರಲ್ಲಿ ಸೇರಿದ್ದು ಇನ್ನೂ ತಡವಾಗಿ. ಅವರು ಅಂಗಳದಲ್ಲಿದ್ದಾಗ ತಂಡದ ಸುಮಾರು ಮೂರನೇ ಒಂದರಷ್ಟು ದಾಳಿಗಳು ಅವರ ಕೈಯಲ್ಲೇ ಮುಗಿಯುತ್ತಿದ್ದವು. ಹತ್ತೊಂಬತ್ತರ ಹುಡುಗನೊಬ್ಬ ಇಷ್ಟು ಭಾರ ಹೊತ್ತು ಸರಾಸರಿಗಿಂತ ಒಂದೂವರೆ ಮಾತ್ರ ಕೆಳಗಿದ್ದನೆಂಬುದನ್ನು ನಾನು ದೋಷವೆಂದು ಬರೆದುಕೊಳ್ಳಲಿಲ್ಲ.

ತಂಡದ ಗೆಲುವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹಲವರು ಹೇಳಿದರು. ಕರೀಂ ಬಂದ ವರ್ಷ ಮಿಲ್ವಾಕೀ ಬಕ್ಸ್, ರಾಬಿನ್ಸನ್ ಬಂದ ವರ್ಷ ಸ್ಪರ್ಸ್, ಡಂಕನ್ ಬಂದ ವರ್ಷ ಮತ್ತೆ ಸ್ಪರ್ಸ್, ಮೂರೂ ತಂಡಗಳು 56 ಗೆದ್ದು 26 ಸೋತವು ಎಂಬ ಕಾಕತಾಳೀಯ ನೋಡಿ ನಾನೂ ಒಂದು ಗಳಿಗೆ ಮರುಳಾದೆ. ವೆಂಬನ್ಯಾಮಾ ಬಂದ ವರ್ಷ ಸ್ಪರ್ಸ್ ಗೆದ್ದದ್ದು 22, ಹಿಂದಿನ ವರ್ಷ ಗೆದ್ದಷ್ಟೇ. ಆದರೆ ಡಂಕನ್ ಬಂದಾಗ ಗಾಯದಿಂದ ಹಿಂದಿನ ಋತುವಿನ ಬಹುಪಾಲು ಹೊರಗಿದ್ದ ರಾಬಿನ್ಸನ್ ಮರಳಿದ್ದರು, ರಾಬಿನ್ಸನ್ ಬಂದ ವರ್ಷವೇ ಟೆರಿ ಕಮಿಂಗ್ಸ್ ಮತ್ತು ಶಾನ್ ಎಲಿಯಟ್ ಕೂಡ ಬಂದಿದ್ದರು. ಗೆಲುವಿನ ಅಂಕಣವನ್ನು ಹಾಳೆಯಿಂದ ತೆಗೆದುಹಾಕಿದೆ.

ರಕ್ಷಣೆಗೆ ಬಂದಾಗ ಮಾತ್ರ ಹೋಲಿಕೆ ಗಟ್ಟಿಯಾಗಿ ನಿಂತಿತು. 36 ನಿಮಿಷಕ್ಕೆ ವೆಂಬನ್ಯಾಮಾ 4.4 ಬ್ಲಾಕ್, ರಾಬಿನ್ಸನ್ 3.8, ಡಂಕನ್ 2.3. ಮೂರು ಅಂಕದ ಹೊಡೆತಗಳೇ ತುಂಬಿರುವ ಇಂದಿನ ಆಟದಲ್ಲಿ ಬುಟ್ಟಿಯ ಹತ್ತಿರದ ಹೊಡೆತಗಳ ಪಾಲು ಮೊದಲಿಗಿಂತ ಕಡಿಮೆಯೆಂಬುದನ್ನು ನೆನೆದರೆ ಆ 4.4ರ ಬೆಲೆ ಇನ್ನಷ್ಟು ಹೆಚ್ಚುತ್ತದೆ. 2024ರ ಫೆಬ್ರುವರಿ 12ರಂದು ಟೊರಾಂಟೊದಲ್ಲಿ ಅವರು 27 ಅಂಕ, 14 ರೀಬೌಂಡ್‌ಗಳ ಜೊತೆಗೆ ಹತ್ತು ಬ್ಲಾಕ್ ಮಾಡಿದ ಪಂದ್ಯ ನಮ್ಮಲ್ಲಿ ಮರುದಿನ ಬೆಳಗಿನ ಪಂದ್ಯ. ಬ್ಲಾಕ್‌ಗಳನ್ನು ಎಲ್ಲರೂ ಎಣಿಸುತ್ತಾರೆಂದು ನಾನು ಬೇರೆಯದನ್ನು ಗುರುತು ಹಾಕಿಕೊಳ್ಳುವುದನ್ನು ರೂಢಿಸಿಕೊಂಡಿದ್ದೆ: ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗಿದ ಎದುರಾಳಿ, ಮೇಲಕ್ಕೆ ಏಳಬೇಕಾದ ಹೆಜ್ಜೆಯಲ್ಲಿ ಕತ್ತೆತ್ತಿ ಇವರನ್ನು ನೋಡಿ, ಹೊಡೆಯದೆ ಚೆಂಡನ್ನು ಹೊರಕ್ಕೆ ಎಸೆದ ಪ್ರತಿ ಸಂದರ್ಭಕ್ಕೆ ಒಂದು ಗೆರೆ. ಅಂಥ ಗೆರೆಗಳು ಬಹುತೇಕ ಪಂದ್ಯಗಳಲ್ಲಿ ಬ್ಲಾಕ್‌ಗಳಿಗಿಂತ ಹೆಚ್ಚಿರುತ್ತಿದ್ದವು, ಮತ್ತು ಯಾವ ಅಧಿಕೃತ ಪಟ್ಟಿಯಲ್ಲೂ ಅವು ಬರುವುದಿಲ್ಲ. ಕರೀಂ, ಒಲಾಜುವಾನ್, ರಾಬಿನ್ಸನ್, ಡಂಕನ್ ನಾಲ್ವರೂ ತಮ್ಮ ಮೊದಲ ವರ್ಷ ವರ್ಷದ ಅತ್ಯುತ್ತಮ ರಕ್ಷಕರನ್ನು ಗೌರವಿಸಲು ಹೆಸರಿಸುವ ಲೀಗಿನ ಎರಡು ರಕ್ಷಣಾ ತಂಡಗಳಲ್ಲಿ ಎರಡನೆಯದಕ್ಕೆ ಆಯ್ಕೆಯಾಗಿದ್ದರು. ಮೊದಲ ರಕ್ಷಣಾ ತಂಡದಲ್ಲಿ ಸ್ಥಾನ ಪಡೆದ ಮೊದಲ ಹೊಸಬ ವೆಂಬನ್ಯಾಮಾ.

ವಯಸ್ಸಿನ ವಿಷಯ ಬೇಗ ಮುಗಿಯುತ್ತದೆ. ನೌಕಾಪಡೆಯ ಸೇವೆ ಮುಗಿಸಿ ಬಂದ ರಾಬಿನ್ಸನ್‌ಗೆ 24, ವೇಕ್ ಫಾರೆಸ್ಟ್‌ನಲ್ಲಿ ನಾಲ್ಕು ವರ್ಷ ಓದಿ ಬಂದ ಡಂಕನ್‌ಗೆ 21, ವೆಂಬನ್ಯಾಮಾಗೆ ಋತುವಿನ ನಡುವೆ 20 ತುಂಬಿತು. ಆದರೆ ಅವರು ಅದಕ್ಕೂ ಮೊದಲೇ ಫ್ರಾನ್ಸಿನ ಲೀಗಿನಲ್ಲಿ ಬೆಳೆದ ಗಂಡಸರ ಎದುರು ಸಂಬಳಕ್ಕೆ ಆಡಿದವರು, ಆದ್ದರಿಂದ ವಯಸ್ಸಿನ ರಿಯಾಯಿತಿಯನ್ನು ನಾನು ಪೂರ್ತಿ ಕೊಡಲಿಲ್ಲ.

ಇಷ್ಟಾದ ಮೇಲೂ ಹಾಳೆ ಪೂರ್ಣವಾಗಿರಲಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವುದನ್ನು ಪರೀಕ್ಷಿಸಬೇಕಾದರೆ, ಅಂಥದ್ದೇ ಮೊಳಕೆಯಿದ್ದೂ ಸಿರಿಯಾಗದವರ ಹೆಸರೂ ಪಕ್ಕದಲ್ಲಿರಬೇಕು. ನಾನು ಬರೆದುಕೊಂಡ ಹೆಸರು ರಾಲ್ಫ್ ಸ್ಯಾಂಪ್ಸನ್. 1983ರ ಡ್ರಾಫ್ಟ್‌ನ ಮೊದಲ ಆಯ್ಕೆ, ವೆಂಬನ್ಯಾಮಾ ಅವರಂತೆಯೇ 7 ಅಡಿ 4 ಅಂಗುಲ, ಅವರಂತೆಯೇ ಸರ್ವಾನುಮತದಿಂದ ವರ್ಷದ ಹೊಸ ಆಟಗಾರ. ಹ್ಯೂಸ್ಟನ್ ರಾಕೆಟ್ಸ್ ಪರವಾಗಿ 1983-84ರಲ್ಲಿ ಅವರ ಸರಾಸರಿ 21.0 ಅಂಕ, 11.1 ರೀಬೌಂಡ್, 2.4 ಬ್ಲಾಕ್. ಡಂಕನ್ ಅವರ 21.1, 11.9, 2.5ರ ಪಕ್ಕದಲ್ಲಿ ಇದನ್ನಿಟ್ಟು ಹೆಸರು ಮುಚ್ಚಿದರೆ ಯಾರ ಸಾಲು ಯಾರದೆಂದು ಹೇಳುವುದು ಕಷ್ಟ. ಆಮೇಲೆ ಬೆನ್ನಿನ ಗಾಯ, ಮೊಣಕಾಲಿನ ಶಸ್ತ್ರಚಿಕಿತ್ಸೆಗಳು ಸ್ಯಾಂಪ್ಸನ್ ಅವರನ್ನು ಹಿಡಿದು ಕೂರಿಸಿದವು. ಅವರು ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 456 ಪಂದ್ಯ, ಡಂಕನ್ ಆಡಿದ್ದು 1,392. ಮೊದಲ ವರ್ಷದ ಅಂಕಿಗಳು ಈ ಇಬ್ಬರ ನಡುವಿನ ವ್ಯತ್ಯಾಸವನ್ನು ಕಿಂಚಿತ್ತೂ ಸೂಚಿಸುವುದಿಲ್ಲ. ಅಂದಿನಿಂದ ಯಾವ ಹೊಸಬನ ಹೋಲಿಕೆ ಮಾಡಿದರೂ ಇಂಥ ಮೂರನೆಯ ಹೆಸರಿಲ್ಲದೆ ನಾನು ಹಾಳೆ ಮುಗಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ಬಲಭುಜದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ವೆಂಬನ್ಯಾಮಾ ಅವರ ಎರಡನೆಯ ಋತು 46 ಪಂದ್ಯಗಳಿಗೇ ಕೊನೆಗೊಂಡಾಗ, ಸ್ಯಾಂಪ್ಸನ್ ಹೆಸರು ಬರೆದದ್ದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದ ಗೆಳೆಯರೊಬ್ಬರು ತಾವಾಗಿಯೇ ಫೋನ್ ಮಾಡಿ ಆ ಹಾಳೆಯನ್ನು ಕೇಳಿದರು.

ಆ ಎರಡನೆಯ ಋತುವಿನ 46 ಪಂದ್ಯಗಳನ್ನು ಸೇರಿಸಿ ಹಾಳೆಯನ್ನು ಪರಿಷ್ಕರಿಸಿದ್ದೇನೆ. ಸರಾಸರಿ ಅಂಕ 24.3ಕ್ಕೆ, ಬ್ಲಾಕ್ 3.8ಕ್ಕೆ ಏರಿದವು, ಮೂರು ಅಂಕದ ಹೊಡೆತಗಳ ಯಶಸ್ಸು ಶೇ 35 ದಾಟಿತು, ಟ್ರೂ ಶೂಟಿಂಗ್ ಶೇ 60ರ ಹತ್ತಿರ ಬಂತು. ಆದರೆ ಆಡಿದ ನಿಮಿಷಗಳು ಹೆಚ್ಚಿದ್ದರೂ ಫ್ರೀ ಥ್ರೋಗಳು ಪಂದ್ಯಕ್ಕೆ ಐದರಿಂದ ಸುಮಾರು ನಾಲ್ಕಕ್ಕೆ ಇಳಿದವು. ರಾಬಿನ್ಸನ್ ಅವರತ್ತ ಸಾಗುತ್ತದೆಂದು ನಾನು ಎಣಿಸಿದ್ದ ವೆಂಬನ್ಯಾಮಾ ಅವರ ಆಟ ಆ ಋತುವಿನಲ್ಲಿ ದಾಳಿಯಲ್ಲಿ ಅವರಿಂದ ದೂರ ಸರಿದು, ಮೂರು ಅಂಕದ ಗೆರೆಯಾಚೆಗೆ ಹೊರಟಿತ್ತು. ರಕ್ಷಣೆಯ ಅಂಕಣದಲ್ಲಿ ರಾಬಿನ್ಸನ್ ಹೆಸರನ್ನು ಉಳಿಸಿಕೊಂಡು, ದಾಳಿಯ ಅಂಕಣದಿಂದ ಅದನ್ನು ತೆಗೆದಿದ್ದೇನೆ. ಈಗ ಸ್ಪರ್ಸ್ ಪಂದ್ಯ ಮುಗಿದ ಕೂಡಲೇ ನಾನು ಮೊದಲು ನೋಡುವುದು ವೆಂಬನ್ಯಾಮಾ ಎಷ್ಟು ಸಲ ಫ್ರೀ ಥ್ರೋ ಗೆರೆಗೆ ಹೋದರು ಎಂಬುದನ್ನು, ಆಮೇಲೆ ಅಂಕಗಳನ್ನು.