ಕರಾವಳಿಯಲ್ಲಿ ಹಳೆಯ ಕಾರಿನ ಬಣ್ಣ ಕಿತ್ತು ಹೊಸದಾಗಿ ಹೊಡೆಸುವ ಕ್ರಮ

ಇಪ್ಪತ್ತು ವರ್ಷ ದಾಟಿದರೂ ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವ ವೇಗದ ಕಾರೊಂದು ಅಂಗಳದಲ್ಲಿದ್ದರೆ, ಅದು ಹೋಂಡಾ ಸಿಟಿ ವಿಟೆಕ್ ಆಗಿರಲಿ, ಫಿಯೆಟ್ ಪಾಲಿಯೊ 1.6 ಆಗಿರಲಿ, ಆಕ್ಟೇವಿಯಾ ಆರ್‌ಎಸ್ ಆಗಿರಲಿ, ಒಂದಲ್ಲ ಒಂದು ದಿನ ಅದಕ್ಕೆ ಪೂರ್ತಿ ಬಣ್ಣ ಹೊಡೆಸುವ ಯೋಚನೆ ಬಂದೇ ಬರುತ್ತದೆ. ಘಟ್ಟದ ಮೇಲಿನವರು ಈ ಕೆಲಸವನ್ನು ಹೊಳಪಿನ ಲೆಕ್ಕದಲ್ಲಿ ನೋಡಬಹುದು. ಮಂಗಳೂರು, ಉಡುಪಿಯಲ್ಲಿ ಕಾರು ಇಟ್ಟುಕೊಂಡವರಿಗೆ ಆ ಅನುಕೂಲವಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆ, ಸಮುದ್ರದ ಉಪ್ಪುಗಾಳಿ, ಅದು ಸಾಲದೆಂಬಂತೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸೋರಿಸಿಕೊಂಡು ಹೋಗುವ ಉಪ್ಪುನೀರು, ಇವೆಲ್ಲವೂ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತಿರುತ್ತವೆ. ಆದ್ದರಿಂದ ಇಲ್ಲಿ ಬಣ್ಣವೆಂಬುದು ಮೊದಲು ತುಕ್ಕಿಗೆ ಅಡ್ಡಗೋಡೆ, ಅಲಂಕಾರ ಆಮೇಲಿನದು. ಖರ್ಚು, ಸಮಯ, ಜಗಳ ಎಲ್ಲವನ್ನೂ ಈ ಲೆಕ್ಕದಲ್ಲೇ ಹಂಚಿಕೊಳ್ಳಬೇಕೆಂದು ನಾನು ಕಲಿತದ್ದು ಒಮ್ಮೆ ಕೈ ಸುಟ್ಟುಕೊಂಡ ಮೇಲೆ. ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದ ನನ್ನ ಕಾರಿನ ಹಿಂದಿನ ವೀಲ್ ಆರ್ಚ್‌ನಲ್ಲಿ (ಚಕ್ರದ ಮೇಲಿನ ಕಮಾನಿನಲ್ಲಿ) ಮುಂದಿನ ಜೂನ್ ಮುಗಿಯುವುದರೊಳಗೆ ಗುಳ್ಳೆಗಳೆದ್ದವು. ಉಗುರಿನಿಂದ ಕೆರೆದು ನೋಡಿದಾಗ ತುಕ್ಕಿನ ಮೇಲೆಯೇ ತಗ್ಗು ತುಂಬುವ ಪುಟ್ಟಿಯನ್ನು ಮೆತ್ತಿದ್ದು ಕಂಡಿತು. ಆ ಕಾರನ್ನು ಸೆಪ್ಟೆಂಬರಿನ ಮಳೆಯಲ್ಲಿ, ಹದಿನೈದೇ ದಿನದಲ್ಲಿ ಬೇಕೆಂದು ಒತ್ತಾಯಿಸಿ ಕೊಟ್ಟವನು ನಾನೇ ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಮೊದಲು ತೀರ್ಮಾನಿಸಬೇಕಾದದ್ದು, ಬಣ್ಣವನ್ನು ಬರಿ ತಗಡಿನವರೆಗೆ ಕೀಳಿಸಬೇಕೇ ಎಂಬುದನ್ನು. ಉತ್ಸಾಹದಲ್ಲಿರುವವರು ಕೇಳಲು ಇಷ್ಟಪಡದ ಉತ್ತರವೆಂದರೆ, ಎಲ್ಲ ಕಡೆ ಬೇಡ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಕೂರಿಸಿದ ಇ-ಕೋಟ್ ಎಂಬ ತೆಳುವಾದ ಪ್ರೈಮರ್ ಪದರ ತಗಡಿಗೆ ಅಂಟಿಕೊಂಡಿರುತ್ತದೆ, ಮತ್ತು ಅದಕ್ಕೆ ಸಮನಾದುದನ್ನು ಊರಿನ ಯಾವ ವರ್ಕ್‌ಶಾಪೂ ಮತ್ತೆ ಹಾಕಿಕೊಡಲಾರದು. ಆದ್ದರಿಂದ ಪೇಂಟ್ ದಪ್ಪ ಅಳೆಯುವ ಮೀಟರ್ ಒಂದನ್ನು ಕೊಂಡೋ ಎರವಲು ತಂದೋ ಪ್ರತಿ ಪ್ಯಾನೆಲನ್ನು ಹತ್ತಾರು ಕಡೆ ಅಳೆದು ಕಾಗದದ ಮೇಲೆ ಬರೆದುಕೊಳ್ಳಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಇನ್ನೂರು, ಮುನ್ನೂರು ಬಂದರೆ ಅಲ್ಲಿ ಇನ್ನೊಮ್ಮೆ ಬಣ್ಣ ಬಿದ್ದಿದೆ ಎಂದರ್ಥ. ಐನೂರು ದಾಟಿದರೆ ಒಳಗೆ ಪುಟ್ಟಿ ಇದೆಯೆಂದೇ ತಿಳಿಯಬಹುದು. ಹಳೆಯ ಬಣ್ಣ ಗಟ್ಟಿಯಾಗಿ ಕುಳಿತಿದ್ದು, ಬಿಸಿಲಿಗೆ ಮೇಲಿನ ಕ್ಲಿಯರ್ ಎಂಬ ಪಾರದರ್ಶಕ ಪದರ ಮಾತ್ರ ಸುಲಿದಿರುವ ಟಾಪ್ ಮತ್ತು ಬಾನೆಟ್‌ಗಳಲ್ಲಿ ಸುಲಿದ ಪದರವನ್ನಷ್ಟೇ ಉಜ್ಜಿ ಗಟ್ಟಿ ಪದರಕ್ಕೆ ಇಳಿದರೆ ಸಾಕಾಗುತ್ತದೆ. ಎರಡು ಮೂರು ಸಲ ಬಣ್ಣ ಕಂಡ, ಬಿರುಕು ಬಿಟ್ಟ, ಗುಳ್ಳೆ ಎದ್ದ, ಪುಟ್ಟಿ ತುಂಬಿದ ಪ್ಯಾನೆಲುಗಳನ್ನು ಮಾತ್ರ ಬರಿ ತಗಡಿಗೆ ತನ್ನಿ.

ಕಾಲ ಡಿಸೆಂಬರಿನಿಂದ ಫೆಬ್ರವರಿ. ದೀಪಾವಳಿ ಕಳೆದ ಕೂಡಲೇ ಕಾರು ಬಿಚ್ಚಲು ಶುರು ಮಾಡಿದರೆ ಗಾಳಿಯ ತೇವ ಕಡಿಮೆಯಿರುವ ತಿಂಗಳುಗಳು ಪೂರ್ತಿ ಸಿಗುತ್ತವೆ, ಮತ್ತು ಮಳೆ ಹಿಡಿಯುವ ಮೊದಲು ಬಣ್ಣ ಪೂರ್ತಿ ಗಟ್ಟಿಯಾಗುತ್ತದೆ. ಆಯುಧಪೂಜೆಯ ಹಿಂದಿನ ವಾರಗಳಲ್ಲಿ ಮಾತ್ರ ಯಾವ ವರ್ಕ್‌ಶಾಪಿಗೂ ಹೋಗಬಾರದು, ಏಕೆಂದರೆ ಊರಿನ ವಾಹನಗಳೆಲ್ಲ ಪೂಜೆಗೆ ಮೊದಲು ಹೊಳೆಯಬೇಕಾಗಿರುವ ಆ ಗಡಿಬಿಡಿಯಲ್ಲಿ ನಿಮ್ಮ ಕಾರು ಮೂಲೆ ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನಿನ ಲಾರಿಗಳ ಕಾಟವೇನೋ ಕಡಿಮೆ, ಆದರೆ ಆಗ ನೀರು ಸುರಿಸುವ ಕೆಲಸವನ್ನು ಆಕಾಶವೇ ವಹಿಸಿಕೊಂಡಿರುತ್ತದೆ.

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಸುತ್ತ ಬಣ್ಣದ ಕೆಲಸದವರು ಸಿಗುತ್ತಾರೆ. ನಮ್ಮ ಖಾಸಗಿ ಬಸ್ಸುಗಳ ಬಣ್ಣದ ವೈಭವವನ್ನು ಕಂಡವರಿಗೆ ಇಲ್ಲಿ ಸ್ಪ್ರೇ ಗನ್ ಹಿಡಿಯಬಲ್ಲ ಒಳ್ಳೆಯ ಕೈಗಳಿಗೆ ಕೊರತೆಯಿಲ್ಲವೆಂದು ಹೇಳಬೇಕಾಗಿಲ್ಲ. ಕೊರತೆಯಿರುವುದು ಬಣ್ಣಕ್ಕೆ ಮೊದಲಿನ ಬೇಸರದ ಕೆಲಸಕ್ಕೆ ಬೇಕಾದ ತಾಳ್ಮೆಯಲ್ಲಿ, ಮತ್ತು ಆ ತಾಳ್ಮೆಗೆ ದುಡ್ಡು ಕೊಡುವ ಗಿರಾಕಿಗಳಲ್ಲಿ. ಆದ್ದರಿಂದ ಮುಗಿದ ಕಾರನ್ನು ತೋರಿಸಿ ಎಂದು ಕೇಳಬೇಡಿ, ಪ್ರೈಮರ್‌ನಲ್ಲಿ ನಿಂತಿರುವ ಕಾರನ್ನು ತೋರಿಸಿ ಎನ್ನಿ. ಅದರ ಬಾಗಿಲ ಅಂಚು, ಬೀಡಿಂಗ್ ಕೂರುವ ಜಾಗ, ಹ್ಯಾಂಡಲ್ ಹಿಂದಿನ ಕುಳಿಗಳನ್ನು ನೋಡಿದರೆ ಅಲ್ಲಿನ ಮೇಸ್ತ್ರಿಯ ಸ್ವಭಾವ ತಿಳಿಯುತ್ತದೆ. ಕಂಪ್ರೆಸರಿನ ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಇದೆಯೇ, ಟ್ಯಾಂಕಿನ ನೀರನ್ನು ದಿನವೂ ಬಿಡುತ್ತಾರೆಯೇ ಎಂಬುದನ್ನೂ ನೋಡಿ, ಏಕೆಂದರೆ ಕರಾವಳಿಯ ಗಾಳಿಯನ್ನು ಒತ್ತಿ ತುಂಬಿದರೆ ಅದರಿಂದ ಇಳಿಯುವ ನೀರು ಸ್ವಲ್ಪವಲ್ಲ. ಬಣ್ಣ ಹೊಡೆಯಲೆಂದೇ ಮುಚ್ಚಿದ ಕೋಣೆ, ಅಂದರೆ ಬೂತ್, ಇರುವಲ್ಲಿಗೇ ಹೋಗಿ. ತೆರೆದ ಶೆಡ್ಡಿನಲ್ಲಿ ಮುರಕಲ್ಲಿನ ಕೆಂಪು ಧೂಳು ಬಿಳಿ ಕಾರಿನ ಮೇಲೆ ಕೂತರೆ ಆಮೇಲೆ ಎಷ್ಟು ಪಾಲಿಷ್ ಮಾಡಿದರೂ ಅದು ಒಳಗೇ ಉಳಿಯುತ್ತದೆ.

ಮಾತುಕತೆಯನ್ನು ಬಾಯಿಮಾತಿಗೆ ಬಿಡದೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಭಾಗಗಳನ್ನು ಬಿಚ್ಚಬೇಕು, ಯಾವ ಪ್ಯಾನೆಲುಗಳು ಬರಿ ತಗಡಿಗೆ ಬರಬೇಕು, ಪ್ರೈಮರಿನಿಂದ ಕ್ಲಿಯರಿನವರೆಗೆ ಒಂದೇ ಕಂಪನಿಯ ಸಾಮಾನನ್ನು ಬಳಸುತ್ತಾರೆಯೇ, ಎಂಜಿನ್ ಕೋಣೆಗೂ ಬಣ್ಣವೇ ಎಂಬುದೆಲ್ಲ ಅದರಲ್ಲಿರಲಿ. ಎಂಜಿನ್ ಇಳಿಸದೆ ಎಂಜಿನ್ ಕೋಣೆಗೆ ಬಣ್ಣ ಹೊಡೆಸುವುದು ವೈರು, ಪೈಪುಗಳ ಮೇಲೆಲ್ಲ ಬಣ್ಣದ ಮಂಜು ಬೀಳಿಸಿಕೊಳ್ಳುವ ಕೆಲಸ. ಕ್ಲಚ್ ಅಥವಾ ಆಯಿಲ್ ಸೀಲಿಗಾಗಿ ಹೇಗೂ ಎಂಜಿನ್ ಇಳಿಸುವುದಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ, ಇಲ್ಲದಿದ್ದರೆ ಆ ಜಾಗವನ್ನು ಶುಚಿ ಮಾಡಿ ಬಿಟ್ಟುಬಿಡಿ. ಹಣವನ್ನು ಹಂತ ಹಂತವಾಗಿ ಕೊಡಿ, ಬರಿ ತಗಡು ಕಂಡಾಗ ಒಂದು ಕಂತು, ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಬಿದ್ದಾಗ ಇನ್ನೊಂದು ಎಂಬಂತೆ, ಮತ್ತು ಪ್ರತಿ ಕಂತನ್ನೂ ನೀವೇ ಹೋಗಿ ನೋಡಿದ ಮೇಲೆ ಕೊಡಿ.

ಬಣ್ಣ ಬದಲಿಸುವ ಆಸೆಯಿದ್ದರೆ, ಕಾರಿನ ಬಣ್ಣವು ಆರ್‌ಸಿಯಲ್ಲಿ ದಾಖಲಾಗಿರುತ್ತದೆ ಎಂಬುದನ್ನು ಮರೆಯಬಾರದು. ಕೆಎ-19 ಆಗಲಿ ಕೆಎ-20 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬದಲಾವಣೆಯನ್ನು ಆರ್‌ಸಿಗೆ ಸೇರಿಸಿಕೊಳ್ಳಬೇಕು. ಹದಿನೈದು ವರ್ಷದ ಮೇಲೆ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಕಾಗಿರುವುದರಿಂದ ಕಾಗದಕ್ಕೂ ಕಣ್ಣಿಗೂ ಬೇರೆ ಬೇರೆ ಬಣ್ಣ ಕಾಣುವುದು ಅಲ್ಲಿ ಬೇಡದ ತಲೆನೋವು. ನನ್ನ ಮಟ್ಟಿಗೆ ಹಳೆಯ ವೇಗದ ಕಾರಿಗೆ ಅದು ಹುಟ್ಟಿದ ಬಣ್ಣವೇ ಚೆಂದ.

ಬಿಚ್ಚುವ ಮೊದಲು ರಬ್ಬರ್ ಬೀಡಿಂಗ್, ಕ್ಲಿಪ್, ಬ್ಯಾಡ್ಜ್ ಇವುಗಳಲ್ಲಿ ಯಾವುದು ಮಾರುಕಟ್ಟೆಯಲ್ಲಿ ಸಿಗುತ್ತದೆ, ಯಾವುದು ಸಿಗುವುದೇ ಇಲ್ಲ ಎಂದು ತಿಳಿದುಕೊಂಡು ಸಿಗುವುದನ್ನು ತರಿಸಿಟ್ಟುಕೊಳ್ಳಿ. ಸಿಗದ ಬೀಡಿಂಗನ್ನು ನೀವೇ ನಿಧಾನವಾಗಿ ಬಿಚ್ಚುವುದು ಲೇಸು, ಏಕೆಂದರೆ ಇಪ್ಪತ್ತು ವರ್ಷ ಬಿಸಿಲುಂಡ ರಬ್ಬರು ಹುಡುಗರ ಸ್ಕ್ರೂಡ್ರೈವರಿಗೆ ಎರಡು ನಿಮಿಷವೂ ಬಾಳುವುದಿಲ್ಲ. ಬಿಚ್ಚಿದ ಪ್ರತಿಯೊಂದರ ಫೋಟೊ ತೆಗೆದು, ಸ್ಕ್ರೂಗಳನ್ನು ಹೆಸರು ಬರೆದ ಚೀಲಗಳಲ್ಲಿ ಹಾಕಿ ಮನೆಗೆ ತನ್ನಿ. ಗಾಜುಗಳನ್ನೂ ತೆಗೆಸಲೇಬೇಕು. ಮುಂದಿನ ಗಾಜಿನ ಅಂಚಿನಡಿ ಅಡಗಿದ ತುಕ್ಕು, ಟೇಪ್ ಅಂಟಿಸಿ ಮೇಲಿಂದ ಬಣ್ಣ ಹೊಡೆದವರನ್ನು ಮರುವರ್ಷವೇ ಹುಡುಕಿಕೊಂಡು ಬರುತ್ತದೆ.

ಬಣ್ಣ ಕೀಳಲು ಮೂರು ದಾರಿಗಳಿವೆ. ಪೇಂಟ್ ರಿಮೂವರ್ ಬಳಿದರೆ ಬಣ್ಣ ಬೇಗ ಎದ್ದು ಬರುತ್ತದೆ, ಆದರೆ ಬಾಗಿಲ ಮಡಿಕೆ, ತಗಡಿನ ಜೋಡಣೆಗಳ ನಡುವೆ ಇಳಿದ ರಾಸಾಯನಿಕ ಅಲ್ಲೇ ಉಳಿದು ಹೊಸ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಆದ್ದರಿಂದ ಅಗಲವಾದ ಬಯಲು ಜಾಗಕ್ಕೆ ಮಾತ್ರ, ಅಂಚಿನಿಂದ ದೂರ. ಮರಳು ಸಿಡಿಸುವ ಬ್ಲಾಸ್ಟಿಂಗ್ ಚೇಸಿಸ್ ತುಂಡು, ಸಸ್ಪೆನ್ಷನ್ ಆರ್ಮ್‌ಗಳಿಗೆ ಒಳ್ಳೆಯದು. ಹಡಗಿನ, ಕಾರ್ಖಾನೆಯ ದಪ್ಪ ಕಬ್ಬಿಣಕ್ಕೆ ಒಗ್ಗಿದ ಕೈಗೆ ಮಿಲಿಮೀಟರಿಗಿಂತ ತೆಳುವಾದ ಬಾನೆಟ್ ತಗಡನ್ನು ಕೊಟ್ಟರೆ ಅದು ಅಲೆ ಅಲೆಯಾಗಿ ಡೊಂಕಾಗಿ ಬರುತ್ತದೆ, ಮತ್ತು ಆ ಡೊಂಕನ್ನು ತಿದ್ದುವುದು ಕಷ್ಟ. ಉಳಿದದ್ದು ಸ್ಯಾಂಡರ್ ಎಂಬ ಉಜ್ಜುವ ಯಂತ್ರ: 80 ನಂಬರಿನ ಒರಟು ಉಜ್ಜುಕಾಗದದಿಂದ ಆರಂಭಿಸಿ, ಒಂದೇ ಕಡೆ ಒತ್ತಿ ಹಿಡಿದು ತಗಡು ಕಾಯಿಸದೆ, ನಿಧಾನವಾಗಿ ಇಳಿಯುವುದು. ಸಮಯ ಹೆಚ್ಚು, ಅಪಾಯ ಕಡಿಮೆ. ಹೊರಗಿನ ಪ್ಯಾನೆಲುಗಳಿಗೆ ನಾನು ಒಪ್ಪುವುದು ಇದನ್ನೇ.

ಬರಿ ತಗಡು ಹೊರಬಿದ್ದ ಗಳಿಗೆಯಿಂದ ಗಡಿಯಾರ ನಿಮ್ಮ ವಿರುದ್ಧ ಓಡುತ್ತದೆ. ನಮ್ಮ ತೇವದಲ್ಲಿ, ಬೆವರಿನ ಕೈ ತಾಗಿದ ಜಾಗದಲ್ಲಿ, ಒಂದೇ ರಾತ್ರಿಯಲ್ಲಿ ಕಂದು ಬಣ್ಣದ ತುಕ್ಕಿನ ತೆಳುಪೊರೆ ಕಾಣಿಸಿಕೊಳ್ಳುತ್ತದೆ. ಇಡೀ ಕಾರನ್ನು ಒಮ್ಮೆಗೇ ಬೋಳಿಸಿ ವಾರಗಟ್ಟಲೆ ನಿಲ್ಲಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಎರಡೆರಡು ಪ್ಯಾನೆಲು ಬಿಡಿಸಿ, ತುಕ್ಕು ತೆಗೆದು, ಗ್ರೀಸ್ ಒರೆಸುವ ದ್ರಾವಣದಿಂದ ಶುಚಿ ಮಾಡಿ, ಅದೇ ದಿನ ಸಂಜೆಯೊಳಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆದು ಮುಚ್ಚುವ ಕ್ರಮಕ್ಕೆ ಮೇಸ್ತ್ರಿಯನ್ನು ಒಪ್ಪಿಸಿ. ಅವರು ಗೊಣಗುತ್ತಾರೆ, ಏಕೆಂದರೆ ಗನ್ನನ್ನು ಹತ್ತು ಸಲ ತೊಳೆಯಬೇಕಾಗುತ್ತದೆ. ಅದಕ್ಕೆ ಹೆಚ್ಚಿನ ಕೂಲಿ ಕೇಳಿದರೆ ಮರುಮಾತಾಡದೆ ಕೊಡಿ; ಈ ಇಡೀ ಕೆಲಸದಲ್ಲಿ ಸಾರ್ಥಕವಾಗುವ ದುಡ್ಡು ಅದೇ.

ತೂತು ಬಿದ್ದಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡನ್ನು ಬೆಸೆಯಬೇಕೇ ಹೊರತು ಫೈಬರ್ ಮ್ಯಾಟ್ ಅಂಟಿಸಬಾರದು. ಹಿಂದಿನ ವೀಲ್ ಆರ್ಚಿನ ಒಳತುಟಿ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಸ್ಟೆಪ್ನಿ ಕೂರುವ ಗುಂಡಿ, ವೈಪರಿನ ಕೆಳಗೆ ಮಾವಿನೆಲೆ ಕೊಳೆಯುವ ಜಾಗ, ಇವು ನಮ್ಮ ಕಡೆಯ ಕಾರುಗಳ ಖಾಯಂ ರೋಗಸ್ಥಾನಗಳು. ಅಗಲವಾದ ಟೈರ್ ಹಾಕಲೆಂದು ಆರ್ಚಿನ ತುಟಿಯನ್ನು ಬಡಿದು ಮಡಚಿದ ಕಾರುಗಳಲ್ಲಿ ಅಲ್ಲಿನ ಬಣ್ಣ ಮತ್ತು ಸೀಲರ್ ಎರಡೂ ಸೀಳಿರುವುದರಿಂದ ಎರಡರಷ್ಟು ಎಚ್ಚರ ಬೇಕು. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸುಕ್ಕಾಗುವುದರಿಂದ ತಂತಿಯಿಂದ ಬೆಸೆಯುವ ವಿದ್ಯುತ್ ವಿಧಾನವಾದ ಮಿಗ್ ವೆಲ್ಡಿಂಗ್ ಇರುವಲ್ಲಿ ಮಾಡಿಸಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯನ್ನೂ ಎಂಜಿನ್ನಿನ ಕಂಪ್ಯೂಟರಾದ ಇಸಿಯುವನ್ನೂ ಕಳಚಿಡಬೇಕು, ಹಿಂಬದಿಯ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸಬೇಕು.

ಪುಟ್ಟಿ ನೀರು ಹೀರುವ ವಸ್ತು. ಅದನ್ನು ಎಪಾಕ್ಸಿಯ ಮೇಲೆ, ಎಪಾಕ್ಸಿಯ ತಯಾರಕರು ಹೇಳಿದ ಅವಧಿಯೊಳಗೆ ಅಥವಾ ಉಜ್ಜಿದ ಮೇಲೆ, ತೆಳುವಾಗಿ ಹಾಕಿದರೆ ಕೆಳಗಿನ ತಗಡಿಗೆ ನೀರು ತಲುಪುವ ದಾರಿ ಕಟ್ಟಾಗುತ್ತದೆ. ಆಸಿಡ್ ಇರುವ ವಾಷ್ ಪ್ರೈಮರಿನ ಮೇಲೆ ಮಾತ್ರ ಪುಟ್ಟಿ ಬೇಡ, ಅದು ಹಿಡಿಯುವುದಿಲ್ಲ. ಆಮೇಲೆ ದಪ್ಪ ಪ್ರೈಮರ್ ಹೊಡೆದು, ಅದರ ಮೇಲೆ ಕಪ್ಪು ಪುಡಿ ಸವರಿ, ಉದ್ದ ಹಲಗೆಗೆ ಕಾಗದ ಸುತ್ತಿ ಉಜ್ಜಿದಾಗ ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಅದು ಪೂರ್ತಿ ಹೋಗುವವರೆಗೆ ಕಾಗದದಲ್ಲಿ 320 ನಂಬರಿನಿಂದ 600ರವರೆಗೆ ಏರಬೇಕು. ವಾಟರ್ ಪೇಪರಿನಲ್ಲಿ ನೀರು ಸುರಿದು ಉಜ್ಜುವುದು ಹಳೆಯ ಅಭ್ಯಾಸ. ಪುಟ್ಟಿ ತೆರೆದುಕೊಂಡಿರುವಲ್ಲಿ ಆ ನೀರು ಒಳಗಿಳಿದು ಉಳಿಯುವುದರಿಂದ ಒಣ ಉಜ್ಜುವಿಕೆಯನ್ನೇ ಕೇಳಿ, ನೀರು ತಾಗಿಸಿದ್ದರೆ ಒಂದು ದಿನ ಬಿಸಿಲಿನಲ್ಲಿ ಒಣಗಲು ಬಿಡಿಸಿ.

ಬಣ್ಣದ ಕೋಡ್ ಬಾಗಿಲ ಕಂಬದ ಅಥವಾ ಬಾನೆಟ್ ಒಳಗಿನ ಪಟ್ಟಿಯಲ್ಲಿರುತ್ತದೆ. ಹೋಂಡಾದ ಬಿಳಿ, ಕಪ್ಪು, ಬೂದು, ಬೆಳ್ಳಿ ಬಣ್ಣಗಳ ಕೋಡ್ ಎನ್‌ಎಚ್ ಅಕ್ಷರಗಳಿಂದ ಆರಂಭವಾಗುತ್ತದೆ, ನಮ್ಮ ಹೆದ್ದಾರಿಗೂ ಅದಕ್ಕೂ ಸಂಬಂಧವಿಲ್ಲ. ಕೋಡ್ ಒಂದನ್ನೇ ನಂಬದೆ ಸಣ್ಣ ತಗಡಿನ ತುಂಡಿಗೆ ಬಣ್ಣದ ಪದರವಾದ ಬೇಸ್ ಕೋಟ್, ಕ್ಲಿಯರ್ ಎರಡನ್ನೂ ಹೊಡೆಸಿ, ಬಿಸಿಲು ತಾಗದ ಡಿಕ್ಕಿಯ ಒಳಭಾಗದ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಮೆಟಾಲಿಕ್ ಬಣ್ಣವಾದರೆ ಬಾಗಿಲು, ಬಾನೆಟ್‌ಗಳನ್ನು ಕಾರಿನ ಮೇಲೆ ಕೂರುವ ದಿಕ್ಕಿನಲ್ಲೇ ನಿಲ್ಲಿಸಿ, ಒಂದೇ ಮಿಶ್ರಣದಿಂದ ಹೊಡೆಯಬೇಕು, ಇಲ್ಲದಿದ್ದರೆ ಒಳಗಿನ ಲೋಹದ ಕಣಗಳು ಬೇರೆ ಬೇರೆಯಾಗಿ ಮಲಗಿ ಬಾಗಿಲೊಂದು ಬಣ್ಣ, ಫೆಂಡರೊಂದು ಬಣ್ಣ ಆಗುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಅದರದೇ ಪ್ರೈಮರ್ ಬೇಕು. ಕ್ಲಿಯರನ್ನು ಎರಡು ಅಥವಾ ಮೂರು ಕೋಟ್, ನಡುವೆ ಸಾಕಷ್ಟು ಬಿಡುವು ಕೊಟ್ಟು ಹೊಡೆಸಿ. ಅವಸರದಲ್ಲಿ ಹೊಡೆದರೆ ಒಳಗೆ ಸಿಕ್ಕಿಬಿದ್ದ ಥಿನ್ನರ್ ಸೂಜಿಮೊನೆಯಂಥ ತೂತುಗಳಾಗಿ ಹೊರಬರುತ್ತದೆ. ಕ್ಲಿಯರನ್ನು ಗಟ್ಟಿಮಾಡಲು ಬೆರೆಸುವ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಹಾಗಾಗಿ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಕ್ಲಿಯರ್ ಹೊಡೆಯುವ ಹುಡುಗರಿರುವ ವರ್ಕ್‌ಶಾಪಿಗೆ ನಾನು ಈಗ ಕಾರು ಕೊಡುವುದಿಲ್ಲ.

ಬೂತಿನಲ್ಲಿ ಬಿಸಿ ಮಾಡಿ ತೆಗೆದರೂ ಪಾಲಿಷ್‌ಗೆ ಕೆಲವು ದಿನ, ವ್ಯಾಕ್ಸ್‌ಗೆ ತಿಂಗಳೊಂದರ ಮೇಲೆ ಕಾಯುವುದು ಕ್ಷೇಮ. ಈ ನಡುವೆ ಬಾಗಿಲುಗಳ ಒಳಗೆ, ರನ್ನಿಂಗ್ ಬೋರ್ಡಿನ ಟೊಳ್ಳಿನಲ್ಲಿ, ವೀಲ್ ಆರ್ಚಿನ ಹಿಂದೆ ಉದ್ದ ಕೊಳವೆಯಿಂದ, ಟೊಳ್ಳುಗಳನ್ನು ತುಕ್ಕಿನಿಂದ ಕಾಯುವ ಕ್ಯಾವಿಟಿ ವ್ಯಾಕ್ಸ್ ಹಾಯಿಸಬೇಕು. ಹೊರಗಿನ ಬಣ್ಣಕ್ಕೆ ಕೊಟ್ಟ ಹಣದ ಅಲ್ಪ ಭಾಗದಲ್ಲಿ ಆಗುವ ಈ ಕೆಲಸವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಯಾರೂ ನೆನಪಿಸುವುದೂ ಇಲ್ಲ. ವ್ಯಾಕ್ಸ್ ಹಾಯಿಸಿದ ಮರುದಿನ ಬಾಗಿಲುಗಳ ಕೆಳಗಿನ ನೀರು ಹೋಗುವ ರಂಧ್ರಗಳಿಗೆ ಕಡ್ಡಿಯೊಂದನ್ನು ತೂರಿಸಿ, ಬಣ್ಣವೋ ವ್ಯಾಕ್ಸೋ ಕಟ್ಟಿಕೊಂಡಿದ್ದರೆ ಬಿಡಿಸಿ, ಗಾಜಿನ ಮೇಲಿಂದ ಒಂದು ಚೊಂಬು ನೀರು ಸುರಿದು ಅದು ಕೆಳಗೆ ಇಳಿದುಹೋಗುವುದನ್ನು ನೋಡಿ. ಜೂನಿನ ಮೊದಲ ಮಳೆಯಲ್ಲಿ ಕೊಡೆ ಹಿಡಿದು ಇನ್ನೊಮ್ಮೆ ಬಗ್ಗಿ ನೋಡಿ.