ಕುಂಡ ಪಾಸಾದ ಮೇಲೇ ಬಿತ್ತನೆ
ನಮ್ಮದು ರಾಣೇಬೆನ್ನೂರು ಕಡೆಯ ಎರೆಹೊಲ. ಮೂರು ವರ್ಷದ ಹಿಂದೆ ಗೋವಿನಜೋಳ ಕಟಾವಾದ ಎರಡು ಎಕರೆಗೆ ಸೌತೆ ಹಾಕಿದ್ದೆ. ಮೊಳಕೆ ಚೆನ್ನಾಗೇ ಬಂತು. ಹನ್ನೆರಡು-ಹದಿಮೂರು ದಿನಕ್ಕೆ ಎಲೆಯಂಚು ಹಳದಿಯಾಗಿ, ಸುಟ್ಟಂತಾಗಿ ಸತ್ತವು. ಬೀಜವೇ ಸರಿಯಿಲ್ಲ ಎಂದು ಅಂಗಡಿಯಲ್ಲಿ ಜಗಳವಾಡಿ ಬೇರೆ ಬೀಜ ತಂದೆ. ಅದೂ ಹೋಯ್ತು. ಹೆಚ್ಚುಕಡಿಮೆ ಐವತ್ತು ಸಾವಿರ ನೀರಲ್ಲಿ ಹೋಮ.

ತಪ್ಪು ನನ್ನದೇ. ಗೋವಿನಜೋಳಕ್ಕೆ ಅಟ್ರಾಜಿನ್ ಅನ್ನೋ ಕಳೆ ಔಷಧ ಎಕರೆಗೆ ಒಂದು ಕೆಜಿ ಮೇಲೇ ಹೊಡೆಯುತ್ತಿದ್ದೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಒಣ ಮಣ್ಣಲ್ಲಿ ಔಷಧ ತಿನ್ನುವ ಸೂಕ್ಷ್ಮಜೀವಿಗಳು ಕೆಲಸ ಮಾಡುವುದಿಲ್ಲ, ಔಷಧ ಹಾಗೇ ಕೂರುತ್ತದೆ. 'ಎರಡು ತಿಂಗಳಿಗೆ ಅರ್ಧ ಹೋಗುತ್ತದೆ' ಅನ್ನೋ ಲೆಕ್ಕ ನಂಬಿ ಕೆಟ್ಟೆ.

ಆಮೇಲೆ ಕುಂಡದ ಪರೀಕ್ಷೆ ಶುರು ಮಾಡಿದೆ. ಹೊಲದ ಹತ್ತು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ಒಂದರಲ್ಲಿ, ಔಷಧ ಕಾಣದ ಬದುವಿನ ಮಣ್ಣು ಇನ್ನೊಂದರಲ್ಲಿ. ಎರಡಕ್ಕೂ ಸೌತೆ ಬೀಜ. ಮೂರು ವಾರ ಕಾಯಲೇಬೇಕು. ಎರಡರಲ್ಲೂ ಗಿಡ ಒಂದೇ ಥರ ಹಸಿರಾಗಿದ್ದರೆ ಕುಂಡ ಪಾಸು. ಮೊದಲ ಸಲ ನಾನು ಮೊಳಕೆ ನೋಡಿ ಖುಷಿಪಟ್ಟು ವಾರಕ್ಕೇ ಕಿತ್ತೆಸೆದಿದ್ದೆ. ಸುಮ್ನೆ ಒಂದು ಕುಂಡಕ್ಕೆ ಇದ್ದಿಲ ಪುಡಿ ಕಲಸಿ ನೋಡಿದೆ. ಅದೇ ಹೊಲದ ಮಣ್ಣು, ಗಿಡ ಮಾತ್ರ ಹಸಿರು! ಇದ್ದಿಲು ಔಷಧವನ್ನು ಹಿಡಿದಿಟ್ಟುಕೊಂಡಿತ್ತು. ಎಕರೆಗಟ್ಟಲೆ ಇದ್ದಿಲು ಎಲ್ಲಿಂದ ತರೋದು, ಬಿಡಿ.

"ಕುಂಡದಾಗ ಒಕ್ಕಲುತನ ಮಾಡ್ತೀಯೇನಲೇ?" ಎಂದು ನಮ್ಮ ಕಾಕಾ ಊರೆಲ್ಲ ಹೇಳಿಕೊಂಡು ನಕ್ಕರು.

ಈಗ ಗೋವಿನಜೋಳದ ಸಾಲಿನ ಮೇಲಷ್ಟೇ ಪಟ್ಟಿಯಾಗಿ ಹೊಡೆಯುತ್ತೇನೆ, ನಡುವೆ ಎಡೆಕುಂಟೆ. ಅರ್ಧಕ್ಕಿಂತ ಕಮ್ಮಿ ಔಷಧ ಸಾಕು. ಕಟಾವಾದ ಮೇಲೆ ಕೊಟ್ಟಿಗೆ ಗೊಬ್ಬರ, ಎರಡು ಸಲ ನೀರು. ಔಷಧ ತಿನ್ನುವ ಜೀವಿಗಳಿಗಾಗಿ ಗೊಬ್ಬರಕ್ಕೆ ಬೇರೆ ಹೊಲದ ಮಣ್ಣೂ ಬೆರೆಸುತ್ತೇನೆ; ಯಾವ ಹೊಲದ್ದು ಅನ್ನೋದು ನನ್ನ ಹತ್ತಿರವೇ ಇರಲಿ. ಕಳೆದ ವರ್ಷ ಕುಂಡ ಪಾಸಾದ ಮೇಲೇ ಸೌತೆ ಬಿತ್ತಿದೆ, ಎಕರೆಗೆ ಎಂಟು ಟನ್ ಹತ್ತಿರ ಬಂತು. ಮೊನ್ನೆ ಕಾಕಾ ತಮ್ಮ ಹೊಲದ ಮಣ್ಣನ್ನೂ ಚೀಲದಲ್ಲಿ ತಂದಿಟ್ಟು ಹೋಗಿದ್ದಾರೆ.

ಬೋರಿನದು ಬೇರೆ ಕಥೆ. ಇಷ್ಟು ವರ್ಷ ಸ್ಪ್ರೇಯರ್ ತೊಳೆದದ್ದು ಅದರ ಬುಡದಲ್ಲೇ. ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಿದೆ, ವಾಪಸ್ ಬಂತು. ಮತ್ತೆ ಕಂದು ಗಾಜಿನ ಬಾಟಲಿ, ಐಸು, ನಾಲ್ಕು ಸಾವಿರ ಶುಲ್ಕ. ಲೀಟರಿಗೆ 0.4 ಮೈಕ್ರೋಗ್ರಾಂ ಆಸುಪಾಸು ಅಟ್ರಾಜಿನ್ ಸಿಕ್ಕಿತು. ಕುಡಿಯುವ ನೀರಿಗೆ ಅಮೆರಿಕದ ಮಿತಿ 3, ಯುರೋಪಿನದು 0.1. ಯಾರನ್ನು ನಂಬೋದು? ಬೇರಿನ ಕೆಳಗಿಳಿದದ್ದನ್ನು ತಿನ್ನುವ ಜೀವಿಗಳು ಅಲ್ಲಿ ಕಮ್ಮಿ, ಬೇಗ ಹೋಗುವುದಿಲ್ಲ. ತೊಳೆಯುವ ಜಾಗ ಬದಲಿಸಿ ಎರಡು ಮಳೆಗಾಲ ಆಯ್ತು. ದೀಪಾವಳಿ ಕಳೆದ ಮೇಲೆ ಮತ್ತೊಂದು ಬಾಟಲಿ ಕಳಿಸಬೇಕು, ಅಂದರೆ ಇನ್ನೊಂದು ನಾಲ್ಕು ಸಾವಿರ.